ಎರಡು ಗಂಟೆ ಬೀದಿ ಮಕ್ಕಳಿಗೆ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಸಭೆಗಳಲ್ಲಿ ಹಬ್ಬ, ಹಾಡು, ಅಡುಗೆ, ಆರೋಗ್ಯ ಇವುಗಳ ಬಗ್ಗೆ ಬೇಕಾದಷ್ಟು ಮಾತಾಡಿದ್ದೇವೆ. ಇವತ್ತು ನಾನು ರಸ್ತೆಯ ಬಗ್ಗೆ ಮಾತಾಡುತ್ತೇನೆ. ಹೆಂಗಸರಿಗೂ ರಸ್ತೆಗೂ ಏನು ಸಂಬಂಧ ಎಂದು ನಗಬೇಡಿ. ಕೊಂಢವಾದಲ್ಲಿ ಮಗುವಿನ ಕೈ ಹಿಡಿದು ರಸ್ತೆ ದಾಟಿದವರಿಗೆ ಆ ಸಂಬಂಧ ಚೆನ್ನಾಗಿ ಗೊತ್ತು.

ಇಲ್ಲಿ ಕುಳಿತಿರುವ ನಮ್ಮಲ್ಲಿ ಹೆಚ್ಚಿನವರು ಬೀದಿಯಲ್ಲೇ ಆಡಿ ಬೆಳೆದವರು. ಧಾರವಾಡ, ವಿಜಯಪುರ, ಬೆಳಗಾವಿ, ಮೈಸೂರು, ಊರು ಯಾವುದಾದರೂ ಆಗಲಿ, ಕುಂಟೆಬಿಲ್ಲೆಯ ಮನೆ ಬರೆದದ್ದು ಮನೆಯ ಮುಂದಿನ ನೆಲದ ಮೇಲೆ, ಲಗೋರಿ ಕಲ್ಲು ಪೇರಿಸಿದ್ದು ಓಣಿಯ ನಡುವೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ತಿಳಿಯಿತು, ಇಲ್ಲಿನ ಹೆಣ್ಣುಮಕ್ಕಳು ಆಡಿದ್ದೂ ಅದನ್ನೇ. ನಮ್ಮ ಚಿನ್ನಿದಾಂಡು ಇವರಿಗೆ ವಿಟೀದಾಂಡು, ನಮ್ಮ ಗಜ್ಜುಗ ಇವರಿಗೆ ಸಾಗರಗೋಟೆ. ಲಗೋರಿ ಎರಡೂ ಕಡೆ ಲಗೋರಿಯೇ. ಅದನ್ನೆಲ್ಲ ಆಡಲು ಜಾಗ ಮಾತ್ರ ಈಗ ಎರಡೂ ಕಡೆ ಇಲ್ಲ.

ಸೊಸೈಟಿಯಲ್ಲಿ ಆಟದ ಜಾಗ ಇದೆಯಲ್ಲ ಎನ್ನುತ್ತೀರಿ. ಇದೆ. ಒಂದು ಜಾರುಬಂಡಿ, ಎರಡು ಉಯ್ಯಾಲೆ, ಪಕ್ಕದಲ್ಲೊಂದು ಫಲಕ: ಚೆಂಡಾಟ ಆಡಬಾರದು, ಸೈಕಲ್ ಓಡಿಸಬಾರದು, ಗದ್ದಲ ಮಾಡಬಾರದು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಾರುಬಂಡಿಗೆ ಸರದಿಯಲ್ಲಿ ನಿಂತ ಮಗುವಿಗೆ ಬೆವರು ಬರುವುದಿಲ್ಲ, ಕೋಪ ಬರುತ್ತದೆ. ಹೊರಗೆ ಕಳಿಸೋಣವೆಂದರೆ ನಮಗೇ ಭಯ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು ಐವರಿಗೆ ಒಬ್ಬರು ನಡೆದು ಹೋಗುತ್ತಿದ್ದವರು. ತಾಯಿಯ ಭಯ ಸುಳ್ಳಲ್ಲ.

ಹಾಗಾದರೆ ಬೀದಿಯನ್ನು ಸ್ವಲ್ಪ ಹೊತ್ತು ಮುಚ್ಚಿದರೆ ಹೇಗೆ? ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವೇನೂ ಅಲ್ಲ. 2009ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಎಂಬ ಊರಿನಲ್ಲಿ ಆಲಿಸ್ ಫರ್ಗ್ಯುಸನ್ ಮತ್ತು ಏಮಿ ರೋಸ್ ಎಂಬ ಇಬ್ಬರು ತಾಯಂದಿರು ತಮ್ಮ ಬೀದಿಯನ್ನು ಕೆಲವು ಗಂಟೆ ವಾಹನಗಳಿಗೆ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ಬೀದಿಯ ಎರಡೂ ತುದಿಗೆ ಒಬ್ಬೊಬ್ಬರು ಸ್ವಯಂಸೇವಕರು, ಕೈಯಲ್ಲಿ ಸೀಟಿ. ಆ ಬೀದಿಯವರದೇ ಕಾರು ಬಂದರೆ ಸೀಟಿ ಊದಿ ಮಕ್ಕಳನ್ನು ಬದಿಗೆ ಸರಿಸಿ, ಕಾರಿನ ಮುಂದೆ ನಡೆದುಕೊಂಡು ಮನೆವರೆಗೆ ಬಿಟ್ಟುಬರುವುದು. ಮಕ್ಕಳ ಜವಾಬ್ದಾರಿ ಅವರವರ ಅಪ್ಪ ಅಮ್ಮಂದಿರದು. ಇಷ್ಟೇ ನಿಯಮ. 2011ರಲ್ಲಿ ಅಲ್ಲಿನ ನಗರಸಭೆ ಇದಕ್ಕೆಂದೇ ಅನುಮತಿಯ ಒಂದು ಸುಲಭ ವ್ಯವಸ್ಥೆ ಮಾಡಿತು. ಆಮೇಲೆ ಬ್ರಿಟನ್ನಿನ ಸಾವಿರಕ್ಕೂ ಹೆಚ್ಚು ಬೀದಿಗಳವರು ಹಾಗೆ ಮಾಡಿದ್ದಾರೆ.

ಅಷ್ಟು ದೂರ ಏಕೆ? 2021ರ ಡಿಸೆಂಬರ್ 11ರಂದು ನಮ್ಮ ಪುಣೆ ಮಹಾನಗರಪಾಲಿಕೆ ಪಾದಚಾರಿ ದಿನ ಆಚರಿಸಿತು. ಕಾಲಿಡಲು ಜಾಗವಿಲ್ಲದ ಲಕ್ಷ್ಮೀ ರಸ್ತೆಯಲ್ಲಿ ಅಂದು ವಾಹನಗಳಿಲ್ಲ, ಜನ ನಡುರಸ್ತೆಯಲ್ಲಿ ಓಡಾಡಿದರು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ನಡೆಯುವವರದಾಗಿತ್ತು. ಇನ್ನೊಂದು ಸಂಗತಿ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ ಒಪ್ಪಿಕೊಂಡದ್ದೂ ಡಿಸೆಂಬರ್ 11ರಂದೇ, 1992ರಲ್ಲಿ. ಅದರ 31ನೇ ವಿಧಿ ಆಟವನ್ನು ಮಗುವಿನ ಹಕ್ಕು ಎನ್ನುತ್ತದೆ.

ರಸ್ತೆ ಮುಚ್ಚುವುದು ನಮ್ಮ ಊರಿಗೆ ಹೊಸದೇ? ಗಣಪತಿಗೆ ಹತ್ತು ದಿನ ಮಂಟಪ ಹಾಕುತ್ತೇವೆ. ಜ್ಯೇಷ್ಠದಲ್ಲಿ ಪಾಲಕಿ ಬಂದರೆ ಅರ್ಧ ಪುಣೆಯ ರಸ್ತೆಗಳು ವಾರಕರಿಗಳಿಗೆ. ಮದುವೆ ಮನೆಯವರು ಓಣಿಗೆ ಅಡ್ಡಲಾಗಿ ಶಾಮಿಯಾನ ಕಟ್ಟಿದರೂ ಯಾರೂ ಚಕಾರ ಎತ್ತುವುದಿಲ್ಲ. ದೇವರಿಗೆ, ಮದುವೆಗೆ ಬಿಟ್ಟುಕೊಡುವ ಬೀದಿಯನ್ನು ತಿಂಗಳಿಗೆ ಎರಡು ಗಂಟೆ ಮಕ್ಕಳಿಗೆ ಬಿಡಬಾರದೇ? ಈ ಒಂದು ಮಾತನ್ನು ಹಿಡಿದುಕೊಂಡೇ ನಾವು ಐದು ಜನ ಹೆಂಗಸರು ನಮ್ಮ ಗಲ್ಲಿಯ ಮನೆಮನೆಗೆ ಹೋದೆವು. ಇಬ್ಬರು ಕನ್ನಡದವರು, ಇಬ್ಬರು ಮರಾಠಿಯವರು, ಒಬ್ಬರು ಉರ್ದು ಮಾತಾಡುವವರು.

ಆಕ್ಷೇಪಣೆಗಳು ಬಂದವು, ಬರಲೇಬೇಕಿತ್ತು. ಹೃದಯದ ತೊಂದರೆಯಿರುವ ಒಬ್ಬ ಆಜೋಬಾ, "ಆಂಬುಲೆನ್ಸ್ ಬೇಕಾದರೆ ಏನು ಮಾಡ್ತೀರಿ?" ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ಅದಕ್ಕಾಗಿಯೇ ಕಲ್ಲು, ಡ್ರಮ್ಮು ಯಾವುದೂ ಬೇಡ, ಒಂದು ಹಗ್ಗ, ಎರಡು ಪ್ಲಾಸ್ಟಿಕ್ ಕುರ್ಚಿ ಸಾಕು ಎಂದು ನಿರ್ಧರಿಸಿದೆವು. ಅರ್ಧ ನಿಮಿಷದಲ್ಲಿ ದಾರಿ ಬಿಡಬಹುದು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬ ತಂಗಿ, "ವಾರಕ್ಕೆ ಒಂದೇ ದಿನ ನಾನು ಬೆಳಿಗ್ಗೆ ಮಲಗೋದು, ಅವತ್ತೇ ಗಲಾಟೆ ಬೇಡ" ಎಂದಳು. ಬೆಳಗಿನ ಸಮಯ ಬಿಟ್ಟು ಸಂಜೆ ನಾಲ್ಕೂವರೆಯಿಂದ ಆರೂವರೆ ಎಂದು ಬದಲಿಸಿದೆವು. ಕಿರಾಣಿ ಅಂಗಡಿಯವರಿಗೆ ಗಿರಾಕಿ ತಪ್ಪುವ ಚಿಂತೆ. ನಡೆದು ಬರುವವರನ್ನು ಯಾರೂ ತಡೆಯುವುದಿಲ್ಲ ಎಂದು ಹೇಳಿದೆವು. ಅವತ್ತು ಅವರ ಅಂಗಡಿಯ ನಿಂಬೆ ಶರಬತ್ತೆಲ್ಲ ಖರ್ಚಾಯಿತು ಎನ್ನುವುದು ಬೇರೆ ಮಾತು. ಒಂದು ಮನೆಯವರು ಕೊನೆಗೂ ಸಹಿ ಹಾಕಲಿಲ್ಲ. ಅವರ ಕಾರು ಬಂದಾಗ ಎಲ್ಲರಿಗಿಂತ ಬೇಗ ದಾರಿ ಬಿಡುತ್ತೇವೆ.

ಅನುಮತಿ ಬಂದ ಮೇಲೆ ಮೊದಲ ಭಾನುವಾರ ಚೆನ್ನಾಗಿಯೇ ನಡೆಯಿತು. ಡೆಲಿವರಿ ಹುಡುಗರು ತಾವೇ ಇಳಿದು ಗಾಡಿ ತಳ್ಳಿಕೊಂಡು ಹೋದರು. ಅಜ್ಜಿಯರು ಕುರ್ಚಿ ತಂದು ಕುಳಿತರು. ನಿಜವಾದ ಪರೀಕ್ಷೆ ಬಂದದ್ದು ಎರಡನೆಯ ಸಲ.

ನಮ್ಮ ಗಲ್ಲಿಯ ಹಿಂದೆ ದೊಡ್ಡ ಕಟ್ಟಡವೊಂದು ಏಳುತ್ತಿದೆ. ಕೆಲಸದವರು ತಗಡಿನ ಶೆಡ್ಡುಗಳಲ್ಲಿದ್ದಾರೆ. ಅವತ್ತು ಹಗ್ಗದ ಆಚೆ ಮೂರು ಮಕ್ಕಳು ಬಂದು ನಿಂತರು. ನಾವು ಕನ್ನಡ ಮಾತಾಡುವುದು ಕಿವಿಗೆ ಬಿದ್ದಿರಬೇಕು, ದೊಡ್ಡ ಹುಡುಗಿ ಕೇಳಿದಳು, "ಅಕ್ಕಾ, ನಾವೂ ಆಡಬೌದೇನ್ರಿ?" ಯಾದಗಿರಿ ಕಡೆಯವರು. ನಾನು ಹಗ್ಗ ಎತ್ತಿ ಹಿಡಿದೆ, ಒಳಗೆ ಬಂದರು. ಅವಳ ಕುಂಟೆಬಿಲ್ಲೆಯ ಮುಂದೆ ನಮ್ಮ ಮಕ್ಕಳ ಆಟ ಏನೂ ಅಲ್ಲ. "ಗೆರಿ ತುಳದಿ, ಔಟಾದಿ ನೋಡು" ಎಂದು ಅವಳು ಕೂಗುತ್ತಿದ್ದರೆ, ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ನನ್ನ ಮಗ, "ಇಲ್ಲ, ತುಳಿದಿಲ್ಲ" ಎಂದು ಅಚ್ಚ ಕನ್ನಡದಲ್ಲಿ ಜಗಳಕ್ಕೆ ನಿಂತಿದ್ದ.

ಅಂದು ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಮಾತು ಶುರುವಾಯಿತು. ಹೊರಗಿನ ಮಕ್ಕಳು ಏಕೆ ಬರಬೇಕು, ಸೈಕಲ್ ಕಳುವಾದರೆ ಯಾರು ಹೊಣೆ, ನಾವು ಓಡಾಡಿ ಅನುಮತಿ ತಂದದ್ದು ನಮ್ಮ ಮಕ್ಕಳಿಗಲ್ಲವೇ ಎಂದು. ಕೆಟ್ಟ ಮನಸ್ಸಿನವರು ಬರೆದದ್ದಲ್ಲ ಅದು, ಹಬ್ಬದ ದಿನ ನಮ್ಮ ಮನೆಗೆ ಹೋಳಿಗೆ ಕಳಿಸುವವರೇ ಬರೆದದ್ದು. ಮರುದಿನ ಕೆಳಗೆ ಕೂತು ಮಾತಾಡಿದೆವು. ನಾನು ಹೇಳಿದ್ದು ಇಷ್ಟು: ಅನುಮತಿ ಸಿಕ್ಕಿರುವುದು ಸಾರ್ವಜನಿಕ ರಸ್ತೆಗೆ. ರಸ್ತೆ ಪಾಲಿಕೆಯದು, ಅಂದರೆ ಎಲ್ಲರದು. ಆ ಮಕ್ಕಳ ಅಪ್ಪ ಅಮ್ಮಂದಿರೇ ಇಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ನಮ್ಮ ಮಕ್ಕಳಿಗೆ ಕೊನೆಪಕ್ಷ ಆ ಜಾರುಬಂಡಿಯಾದರೂ ಇದೆ. ಅವರಿಗೆ ಮರಳಿನ ರಾಶಿ ಬಿಟ್ಟರೆ ಲಾರಿ ಓಡಾಡುವ ದಾರಿ. ಸಹಿ ಹಾಕಿದ್ದ ಆಜೋಬಾ ಅಲ್ಲಿಯವರೆಗೆ ಸುಮ್ಮನಿದ್ದರು. "ಹಗ್ಗ ಕಟ್ಟಿದ್ದು ಗಾಡಿಗಳಿಗೆ ಅಲ್ವಾ?" ಎಂದು ಕೇಳಿದರು. ಮಾತು ಅಲ್ಲಿಗೆ ಮುಗಿಯಿತು. ಎರಡು ಮನೆಯವರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಒಂದು ಮನೆಯವರು ಮತ್ತೆ ಕಳಿಸುತ್ತಿದ್ದಾರೆ, ಇನ್ನೊಂದು ಮನೆಯ ಬಾಗಿಲನ್ನು ನಾನು ತಟ್ಟುತ್ತಲೇ ಇದ್ದೇನೆ.

ಈಗ ನೀವೂ ಮಾಡಬೇಕೆಂದರೆ ಹೇಗೆ, ಅದನ್ನೂ ಹೇಳಿಬಿಡುತ್ತೇನೆ. ಕಾತ್ರಜ್–ಕೊಂಢವಾ ರಸ್ತೆಯಂಥ ದೊಡ್ಡ ರಸ್ತೆ ಬೇಡವೇ ಬೇಡ. ಬಸ್ಸು ಓಡಾಡದ, ಪಕ್ಕದಲ್ಲೇ ಬೇರೆ ದಾರಿ ಇರುವ ಸಣ್ಣ ಗಲ್ಲಿ ಆರಿಸಿ. ಮೊದಲು ಎಲ್ಲ ಮನೆಗಳ ಜೊತೆ, ಅಂಗಡಿಯವರ ಜೊತೆ ಮಾತಾಡಿ ಸಹಿ ತೆಗೆದುಕೊಳ್ಳಿ. ದಿನ, ಸಮಯ, ಗಲ್ಲಿಯ ಸಣ್ಣ ನಕ್ಷೆ, ಹೊಣೆ ಹೊತ್ತವರ ಫೋನ್ ನಂಬರ್ ಬರೆದು ಸಂಚಾರ ಪೊಲೀಸರಿಗೆ ಅರ್ಜಿ ಕೊಡಿ. ಒಂದು ಪ್ರತಿ ಪೊಲೀಸ್ ಠಾಣೆಗೆ, ಒಂದು ಪಾಲಿಕೆಯ ಕ್ಷೇತ್ರೀಯ ಕಚೇರಿಗೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವಿದೆ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಪ್ರಕಟಣೆ ಬೇಕಾಗಿಲ್ಲ, ಸ್ಥಳೀಯರಿಗೆ ತಿಳಿಯುವಂತೆ ಮಾಡಬೇಕು. ಆ ಅಧಿಕಾರ ಅಧಿಕಾರಿಗಳದು, ನಮ್ಮದಲ್ಲ. ಆದ್ದರಿಂದ ಅನುಮತಿಯಿಲ್ಲದೆ ಹಗ್ಗ ಕಟ್ಟಬೇಡಿ. ಮೂರು ದಿನ ಮೊದಲೇ ಗಲ್ಲಿಯ ಎರಡೂ ತುದಿಗೆ ಮರಾಠಿಯಲ್ಲಿ, ಹಿಂದಿಯಲ್ಲಿ ಕಾಗದ ಅಂಟಿಸಿ. ಶೆಡ್ಡುಗಳಿಗೆ ಹೋಗಿ ಕನ್ನಡದಲ್ಲಿ ಹೇಳಿ ಬನ್ನಿ, ಅಲ್ಲಿ ಕಾಗದ ಓದುವವರು ಕಡಿಮೆ.

ತಿಂಗಳಿಗೆ ಎರಡು ಗಂಟೆಯಿಂದ ಟ್ರಾಫಿಕ್ ಕಡಿಮೆಯಾಗುವುದಿಲ್ಲ, ಮೈದಾನ ಹುಟ್ಟುವುದಿಲ್ಲ. ಮೈದಾನಕ್ಕಾಗಿ ಪಾಲಿಕೆಯನ್ನು ಕೇಳುವುದು ಕೇಳುತ್ತಲೇ ಇರಬೇಕು. ಆದರೆ ಮೈದಾನ ಬರುವ ಹೊತ್ತಿಗೆ ಇವತ್ತಿನ ಆರು ವರ್ಷದ ಮಗು ಕಾಲೇಜಿಗೆ ಹೋಗುತ್ತಿರುತ್ತದೆ. ಬಾಲ್ಯ ಕಾಯುವುದಿಲ್ಲ ತಾಯಂದಿರೇ.

ಮುಂದಿನ ತಿಂಗಳ ಎರಡನೆಯ ಭಾನುವಾರ ನಮ್ಮ ಗಲ್ಲಿಯ ಸರದಿ. ಬಂದು ನೋಡಿ. ಬರುವಾಗ ಸೀಮೆಸುಣ್ಣದ ಡಬ್ಬಿ ತನ್ನಿ, ಕಳೆದ ಸಲ ಅರ್ಧದಲ್ಲೇ ಮುಗಿದುಹೋಯಿತು. ಗಾಡಿಯನ್ನು ಮಾತ್ರ ದೊಡ್ಡ ರಸ್ತೆಯ ಹತ್ತಿರವೇ ನಿಲ್ಲಿಸಿ ನಡೆದು ಬನ್ನಿ.