ಶಾಸ್ತ್ರದ ಓಲೆಯಲ್ಲಿ ತಿದ್ದಿದ ಕೈ ಯಾರದು?

  

ಹಗಲಿರುಳು ಯಂತ್ರಗಳ ಸದ್ದು ಕೇಳುವ ಈ ಪೀಣ್ಯದಲ್ಲಿ ಜಿನಬಿಂಬದ ಪ್ರತಿಷ್ಠೆ ನೆರವೇರಿರುವುದು ನಮ್ಮೆಲ್ಲರ ಪುಣ್ಯ. ದೇವ, ಶಾಸ್ತ್ರ, ಗುರು ಎಂಬ ಮೂರರಲ್ಲಿ ಶಾಸ್ತ್ರವನ್ನು ಕುರಿತು ನಾಲ್ಕು ಮಾತನಾಡಲು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿ ಅಂಗಡಿಯಲ್ಲಿ ಕುಳಿತವನು. ಆದರೆ ಲೆಕ್ಕದ ಪುಸ್ತಕದ ಒಂದು ನಿಯಮ ಶಾಸ್ತ್ರರಕ್ಷಣೆಗೂ ಸಲ್ಲುವುದೆಂದು ನನಗೆ ತೋರುತ್ತದೆ. ಕಿರ್ದಿಯಲ್ಲಿ ತಪ್ಪಿದ ಅಂಕಿಯನ್ನು ಕೆರೆದು ಅಳಿಸಬಾರದು. ಹಳೆಯದು ಓದಲು ಬರುವಂತೆ ಅಡ್ಡಗೆರೆ ಎಳೆದು, ಮಗ್ಗುಲಲ್ಲಿ ಸರಿಯಾದುದನ್ನು ಬರೆದು, ತಿದ್ದಿದವನು ರುಜು ಹಾಕಬೇಕು. ತಿದ್ದುವುದು ದೋಷವಲ್ಲ, ಯಾರು ತಿದ್ದಿದರೆಂಬುದೇ ತಿಳಿಯದಂತೆ ತಿದ್ದುವುದು ದೋಷ.

ನಮ್ಮ ಪೂರ್ವಿಕರ ಓಲೆಗರಿಗಳಲ್ಲಿಯೂ ತಿದ್ದುಪಡಿಗಳಿವೆ. ಆದರೆ ಅಲ್ಲಿ ಸಾಮಾನ್ಯವಾಗಿ ರುಜು ಇರುವುದಿಲ್ಲ, ಕೈಬರಹವೇ ರುಜು. ಬಿಟ್ಟುಹೋದ ಅಕ್ಷರವನ್ನು ಲಿಪಿಕಾರನು ಗುರುತೊಂದನ್ನು ಹಾಕಿ ಸಾಲಿನ ಮೇಲೋ ಕೆಳಗೋ ಸೇರಿಸುತ್ತಿದ್ದನು. ಆ ಅಕ್ಷರದ ದಪ್ಪ, ಓರೆ, ತಲೆಕಟ್ಟಿನ ರೀತಿ ಉಳಿದ ಬರಹದಂತೆಯೇ ಇದ್ದರೆ ಬರೆದವನೇ ಮರಳಿ ಓದಿ ತಿದ್ದಿದನೆಂದು ಊಹಿಸಬಹುದು. ಅಕ್ಷರದ ಆಕಾರ ಮುಂದಿನ ಶತಮಾನದ್ದಾಗಿದ್ದರೆ ಅದು ಬೇರೊಬ್ಬ ಓದುಗನ ಕೈ. ಹಳಗನ್ನಡದ ೞಕಾರವು ಕಾಲಕ್ರಮದಲ್ಲಿ ಬಳಕೆಯಿಂದ ಜಾರಿಹೋಯಿತು. ಮೂಲದ ಸಾಲಿನಲ್ಲಿ ೞಕಾರ ಸರಿಯಾಗಿದ್ದು, ಸೇರಿಸಿದ ಪದದಲ್ಲಿ ಅದರ ಸ್ಥಾನದಲ್ಲಿ ಳಕಾರವಿದ್ದರೆ ಸಂಶಯಕ್ಕೆ ಕಾರಣ ಉಂಟು. ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು. ಹಲವು ಗುರುತುಗಳು ಕೂಡಿಬರಬೇಕು.

ಐರೋಪ್ಯ ವಿದ್ವಾಂಸರು ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಇದೇ ವಿಚಾರಣೆ ನಡೆಸುತ್ತಾರೆ. ಬರೆದವನದು ‘ಮೊದಲನೆಯ ಕೈ’, ತಿದ್ದಿದವನದು ‘ಎರಡನೆಯ ಕೈ’ ಎಂದು ವಿಂಗಡಿಸುತ್ತಾರೆ. ಫ್ಲಾರೆನ್ಸ್ ನಗರದಲ್ಲಿರುವ ವರ್ಜಿಲ್ ಮಹಾಕವಿಯ ಪ್ರಾಚೀನ ಪ್ರತಿಯೊಂದರಲ್ಲಿ, 494ರಲ್ಲಿ ರೋಮಿನ ಕಾನ್ಸಲ್ ಪದವಿಯಲ್ಲಿದ್ದ ಆಸ್ಟೀರಿಯಸ್ ಎಂಬುವನು ತಾನು ಅದನ್ನು ಓದಿ ವಿರಾಮಚಿಹ್ನೆಗಳನ್ನಿಟ್ಟುದಾಗಿ ಬರೆದಿಟ್ಟಿದ್ದಾನೆ. ರುಜು ಹಾಕಿದ ಕಿರ್ದಿ ಎಂದರೆ ಇಂತಹುದು.

ಇದರ ಮಹತ್ವ ನಮ್ಮ ಮೂಡುಬಿದಿರೆಯಲ್ಲಿಯೇ ಕಂಡುಬಂದಿದೆ. ಷಟ್ಖಂಡಾಗಮದ ಧವಲಾ ಟೀಕೆಯ ಪ್ರಾಚೀನ ತಾಡಪತ್ರಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದ, ಮುಂಬಯಿಯ ಸೇಠ್ ಮಾಣಿಕಚಂದ ಮುಂತಾದವರು 19ನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡಿಸಲು ಮುಂದಾದರು. ಅವರೂ ನಮ್ಮಂತೆ ವರ್ತಕರೇ. ಮುಂದೆ ಪ್ರತಿಯಿಂದ ಪ್ರತಿಯಾಗಿ ಗ್ರಂಥವು ಅಮರಾವತಿ, ಆರಾ, ಕಾರಂಜಾಗಳನ್ನು ಮುಟ್ಟಿತು. ಈ ಪ್ರತಿಗಳ ಆಧಾರದಿಂದ ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು.

ಆ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಪ್ರತಿಗಳಲ್ಲಿ ಇರಲಿಲ್ಲ. ವೀರಸೇನಾಚಾರ್ಯರ ಟೀಕೆಯ ಧಾಟಿಯನ್ನು ನೋಡಿ, ಇಲ್ಲಿ ಈ ಪದ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮೂಲದೊಳಗೆ ತಾವಾಗಿ ಸೇರಿಸಲಿಲ್ಲ. ಬಳಿಕ ಮೂಡುಬಿದಿರೆಯ ತಾಡಪತ್ರಗಳೊಡನೆ ಹೋಲಿಸಿದಾಗ ಆ ಪದ ಅಲ್ಲಿ ದೊರೆಯಿತು. ಅದರ ಅರ್ಥವನ್ನು ಕುರಿತು ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ಅದರಲ್ಲಿ ತಲೆಹಾಕಲು ನಾನು ಅರ್ಹನಲ್ಲ. ನಾನು ಹೇಳುವುದಿಷ್ಟೆ: ಪ್ರತಿ ಸಿದ್ಧವಾಯಿತೆಂದು ಮೂಲದ ಓಲೆಯನ್ನು ನದಿಗೆ ಬಿಟ್ಟಿದ್ದರೆ ಈ ಪದ ಎಂದೆಂದಿಗೂ ಊಹೆಯಾಗಿಯೇ ಉಳಿಯುತ್ತಿತ್ತು.

ಪ್ರತಿ ಮಾಡುವಾಗ ಇನ್ನೊಂದು ತೊಡಕು. ಪ್ರಾಕೃತವನ್ನು ಹಳಗನ್ನಡ ಲಿಪಿಯಲ್ಲಿ ಬರೆಯುವಾಗ ಒತ್ತಕ್ಷರಕ್ಕೆ ಬದಲಾಗಿ ಹಿಂದೊಂದು ಸೊನ್ನೆಯನ್ನಿಡುವ ರೂಢಿಯಿತ್ತು. ‘ಸವ್ವ’ ಎಂಬುದು ‘ಸಂವ’ ಎಂದು ಕಾಣುವುದು. ರೂಢಿಯನ್ನರಿಯದವನು ಅದನ್ನು ತಪ್ಪೆಂದು ತಿಳಿದು ತಿದ್ದಲು ಹೊರಟರೆ, ಸರಿಯಾದುದನ್ನೇ ಕೆಡಿಸಿದಂತಾಗುವುದು.

ಆದುದರಿಂದ ನನ್ನ ವಿನಂತಿ. ನಿಮ್ಮ ಊರಿನ ಬಸದಿಯಲ್ಲಿ, ಮನೆಯ ಅಟ್ಟದಲ್ಲಿ ಓಲೆಯ ಕಟ್ಟುಗಳಿದ್ದರೆ ಮಾಸಿದ ಅಕ್ಷರದ ಮೇಲೆ ಹೊಸ ಮಸಿ ಎಳೆಯಬೇಡಿ. ಕಂಠದಿಂದ ಕೊರೆದ ಓಲೆ ಬೇರೆ, ಮಸಿಯಿಂದ ಬರೆದ ಓಲೆ ಬೇರೆ. ಎರಡನೆಯದನ್ನು ಎಣ್ಣೆ ಹಚ್ಚಿ ಒರೆಸಿದರೆ ಅಕ್ಷರವೇ ಹೋದೀತು. ಬಲ್ಲವರನ್ನು ಕರೆಸಿ ಎರಡು ಮಗ್ಗುಲಿನ ಛಾಯಾಚಿತ್ರ ತೆಗೆಸಿರಿ. ಸಾಲಿನ ನಡುವಣ ಸಣ್ಣ ಅಕ್ಷರ, ಅಂಚಿನ ಗೀಟು ಎಲ್ಲವೂ ಅದರಲ್ಲಿ ಬರಲಿ. ಛಾಯಾಚಿತ್ರ ಬಂದ ಮೇಲೆಯೂ ಓಲೆಯನ್ನು ಕಾಪಾಡಿರಿ. ಪಂ. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ನಾಡಿನ ತಾಡಪತ್ರ ಗ್ರಂಥಗಳ ಸೂಚಿಯನ್ನು ರಚಿಸಿ 1948ರಲ್ಲಿ ದಾರಿ ತೋರಿದ್ದಾರೆ. ಸೂಚಿಗೆ ಸೇರದ ಕಟ್ಟುಗಳನ್ನು ಬೆಳಕಿಗೆ ತರುವುದು ನಮ್ಮ ಕೆಲಸ.

ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಬರೆಯಿಸುವುದು ಅಂದಿನ ಶಾಸ್ತ್ರದಾನವಾಗಿತ್ತು. ಬರೆದುದನ್ನು ಇದ್ದಂತೆಯೇ ಉಳಿಸುವುದು ಇಂದಿನ ಶಾಸ್ತ್ರದಾನ. ಬರುವ ಶ್ರುತಪಂಚಮಿಯಂದು ಪೂಜೆಯೊಡನೆ ಒಂದೊಂದು ಕಟ್ಟನ್ನಾದರೂ ಬಿಚ್ಚಿ ನೋಡೋಣ. ತಿದ್ದಿದ ಕೈ ಯಾರದೆಂದು ವಿದ್ವಾಂಸರು ನಿರ್ಣಯಿಸಲಿ. ಅವರು ನೋಡುವವರೆಗೆ ಆ ಕೈಯ ಗುರುತು ಅಳಿಯದಂತೆ ಕಾಯುವ ಭಾರ ನಮ್ಮದು.