ಪಾಣಿಪತ್ತಿನಲ್ಲಿ ಸೋತವರು



1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಮರಾಠರು ಅಹಮದ್ ಷಾ ಅಬ್ದಾಲಿಗೆ ಸೋತರು. ಶೌರ್ಯ ಸಾಲದೆ ಸೋತರೆಂದು ತಿಳಿಯಬೇಡಿ. ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ಶತ್ರುವನ್ನು ನಡುಗಿಸಿದ್ದವು. ಆದರೆ ಎರಡು ತಿಂಗಳಿಗೂ ಮಿಕ್ಕಿ ಬೀಡುಬಿಟ್ಟಿದ್ದ ದಂಡಿಗೆ ದಾರಿಗಳು ಕಟ್ಟಿಹೋಗಿ, ಆಳಿಗೆ ಕಾಳಿಲ್ಲ, ಕುದುರೆಗೆ ಹುಲ್ಲಿಲ್ಲ. ಉಪವಾಸ ಸಾಯುವುದಕ್ಕಿಂತ ಕಾದಿ ಸಾಯುವುದೇ ಲೇಸೆಂದು ಸದಾಶಿವರಾವ್ ಭಾವೂ ಹೊರಟನು. ವಿಶ್ವಾಸರಾಯನು ಗುಂಡು ತಗುಲಿ ಬೀಳಲು ಸೈನ್ಯ ಚದರಿತು.

ದಂಡಿನ ಬೆನ್ನಿಗೆ ಯಾತ್ರಿಕರು, ವರ್ತಕರು, ಕಾರಕೂನರು, ಹೆಂಗಸರು, ಮಕ್ಕಳು ಸಾವಿರಾರು ಮಂದಿ ಹೋಗಿದ್ದರು. ಕೊಲೆಗೂ ಸೆರೆಗೂ ಇವರೂ ಈಡಾದರು. ಚರಿತ್ರೆ ಸೇನಾಪತಿಗಳ ಹೆಸರನ್ನು ಬರೆದಿಟ್ಟಿತು. ಇವರಲ್ಲಿ ಎಷ್ಟೋ ಮಂದಿಯ ಹೆಸರು ಉಳಿಯಲಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು, ಸಂಕ್ರಾಂತಿಯ ಎಳ್ಳು ಹಂಚುವಾಗ ಅವರನ್ನೂ ನೆನೆಯೋಣ.