ಮುಪ್ಪೂ ಮುಖ್ತ್ಯಾರನಾಮೆಯೂ



1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರು, ಆ ವೇಳೆಗೆ ಎಂಟು ವರ್ಷಗಳಿಂದ, ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರ ನಡೆಸುತ್ತಿದ್ದರು. ಬಾಲಕನಿಗೆ ಪೋಷಕನನ್ನು ನೇಮಿಸುವುದು ನಮಗೆ ಹೊಸತಲ್ಲ. ಅದಕ್ಕೆಂದೇ 1890ರ ಕಾಯಿದೆಯಿದೆ. ಆದರೆ ವೃದ್ಧನ ಬುದ್ಧಿಯೇ ಬಾಲಕನದರಂತಾದರೆ? ಅಲ್ಲಿ ಕಾನೂನಿನ ದಾರಿ ಅಷ್ಟು ಸುಗಮವಲ್ಲ.

ಹನೂರಿನ ಬಳಿ ನಾಲ್ಕೆಕರೆ ಹೊಲವೂ ಕೊಳ್ಳೇಗಾಲದಲ್ಲಿ ಮನೆಯೂ ಉಳ್ಳ ತಂದೆಯೊಬ್ಬರನ್ನು ಊಹಿಸಿಕೊಳ್ಳೋಣ. ಮಗನಿಗೆ ಬೆಂಗಳೂರಿನಲ್ಲಿ ನೌಕರಿ. ಬಾಡಿಗೆ, ಕಂದಾಯ, ಬ್ಯಾಂಕಿನ ವ್ಯವಹಾರಗಳಿಗೆಂದು ತಂದೆ ಅವನಿಗೊಂದು ಮುಖ್ತ್ಯಾರನಾಮೆಯನ್ನು, ಜನರ ಬಾಯಲ್ಲಿ ಹೇಳುವುದಾದರೆ ಜಿ.ಪಿ.ಎ.ಯನ್ನು, ಬರೆದುಕೊಡುತ್ತಾರೆ. ಕೆಲವು ವರ್ಷಗಳು ಕಳೆಯುತ್ತವೆ. ತಂದೆಗೆ ಮರೆವು ಕವಿಯುತ್ತದೆ; ಮಗನನ್ನೇ “ತಾವು ಯಾರು ಸ್ವಾಮಿ?” ಎನ್ನುತ್ತಾರೆ. ಔಷಧದ ಖರ್ಚಿಗಾಗಿ ಮನೆಯನ್ನು ಮಾರಲು ಮಗ ಪತ್ರವನ್ನು ಹೊರತೆಗೆಯುತ್ತಾನೆ. ಪತ್ರಕ್ಕೆ ಆಗಲೇ ಜೀವವಿಲ್ಲ. ಕೊಟ್ಟವನು ಸತ್ತರೆ ಅಥವಾ ಅವನ ಚಿತ್ತಸ್ವಾಸ್ಥ್ಯ ಕೆಟ್ಟರೆ, ಅವನು ಕೊಟ್ಟ ಅಧಿಕಾರವೂ ಸಾಮಾನ್ಯವಾಗಿ ಮುಗಿಯಿತೆಂದು 1872ರ ಕರಾರು ಕಾಯಿದೆಯ 201ನೆಯ ಸೆಕ್ಷನ್ ಹೇಳುತ್ತದೆ. ಕೊಡೆ ಬೇಕಾದದ್ದು ಮಳೆಯಲ್ಲಿ. ಇದು ಮಳೆ ಬಂದೊಡನೆ ಮುಚ್ಚಿಕೊಳ್ಳುವ ಕೊಡೆ! ಇಂಗ್ಲೆಂಡಿನವರು 1985ರಲ್ಲಿಯೇ, ಬುದ್ಧಿ ಮಂಕಾದ ಮೇಲೂ ಉಳಿಯುವ ಅಧಿಕಾರಪತ್ರಕ್ಕೆ ಕಾಯಿದೆ ಮಾಡಿಕೊಂಡರು. ನಮ್ಮಲ್ಲಿ ಅಂಥದಿಲ್ಲ. ಆ ಮಗ ನ್ಯಾಯಾಲಯಕ್ಕೇ ಹೋಗಬೇಕು.

ಆದುದರಿಂದ ತಂದೆತಾಯಿಗಳ ಬುದ್ಧಿ ಚುರುಕಾಗಿರುವಾಗಲೇ ಉಳಿದ ಕಾಗದಗಳೂ ಆಗಬೇಕು. ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ; ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. ನೋಂದಾಯಿಸುವ ಇಚ್ಛೆಯಿದ್ದು ಕಚೇರಿಗೆ ಬರಲಾರದ ಅಶಕ್ತರಿದ್ದರೆ, ಅಧಿಕಾರಿಯೇ ಮನೆಗೆ ಬರಲು 1908ರ ಕಾಯಿದೆ ಅವಕಾಶ ಕೊಟ್ಟಿದೆ.

ಮಕ್ಕಳಿಗೆ ದಾನಪತ್ರ ಬರೆಯುವವರು ಇನ್ನೂ ಎಚ್ಚರವಾಗಿರಬೇಕು. ನೋಡಿಕೊಳ್ಳುತ್ತಾರೆಂಬ ನಂಬಿಕೆ ಮನಸ್ಸಿನಲ್ಲಿದ್ದರೆ ಸಾಲದು. ಆ ಷರತ್ತನ್ನು ಪತ್ರದಲ್ಲಿ ಬರೆಯಿಸಿರಿ. ಮಕ್ಕಳು ಅದಕ್ಕೆ ತಪ್ಪಿದರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಸೆಕ್ಷನ್ನಿನಂತೆ ದಾನವನ್ನು ರದ್ದುಪಡಿಸಬೇಕೆಂದು ಕೊಳ್ಳೇಗಾಲದ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಷರತ್ತೇ ಇರಲಿಲ್ಲವೆಂದಾಗ 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಬ್ಬ ತಾಯಿಯ ಪರವಾದ ಆಜ್ಞೆಯನ್ನೇ ತಳ್ಳಿಹಾಕಿತು.

ಕಷ್ಟವಿರುವುದು ಕಾನೂನಿನಲ್ಲಿ ಅಷ್ಟಲ್ಲ, ಮಾತು ತೆಗೆಯುವುದರಲ್ಲಿ. ಉಯಿಲು ಎಂದೊಡನೆ ಮನೆಯಲ್ಲಿ ಅಪಶಕುನ ನುಡಿದಂತಾಗುತ್ತದೆ. ನಾನೂ ನಮ್ಮ ತಂದೆಯವರನ್ನು ಕೇಳಲು ಎರಡು ಯುಗಾದಿಗಳನ್ನು ಕಳೆದೆ. ಕೊನೆಗೆ ಕೇಳಿದಾಗ ಅವರು ಕನ್ನಡಕವನ್ನು ಒರೆಸಿಕೊಂಡು, “ಬರೆದುಕೋ. ಈ ಮನೆಯಲ್ಲಿ ನಿಮ್ಮ ಅಮ್ಮ ಇರುವವರೆಗೆ ಯಾರೂ ಅವಳನ್ನು ಏಳು ಎನ್ನಕೂಡದು. ಅದು ಮೊದಲು. ಮಿಕ್ಕದ್ದನ್ನು ಆಮೇಲೆ ಹೇಳುತ್ತೇನೆ” ಎಂದರು.